ಎರೆನೆಲದ ಹಳೆಯ ಜೀಪು

(ಉಪನ್ಯಾಸವೊಂದರ ಬರಹ ರೂಪ)

ಗಂಗಾವತಿ, ಕನಕಗಿರಿ, ಕಾರಟಗಿ ಕಡೆಯ ಮಾತಿನಲ್ಲಿ ಜೀಪು ಎಂಬುದು ಒಂದು ಕಂಪನಿಯ ಹೆಸರಲ್ಲ, ಒಂದು ಆಕಾರದ ಹೆಸರು. ಮೇಲೆ ತಾಡಪತ್ರಿ, ಹಿಂದೆ ಎದುರುಬದುರು ಎರಡು ಬೆಂಚು, ಬೆನ್ನಿಗೋ ಪಕ್ಕಕ್ಕೋ ಬಿಗಿದ ಒಂದು ಸ್ಟೆಪ್ನಿ ಇದ್ದರೆ ಸಾಕು, ಅದು ಜೀಪು. ಮಹೀಂದ್ರ ಇರಲಿ, ಮಾರುತಿ ಜಿಪ್ಸಿ ಇರಲಿ, ಟ್ರ್ಯಾಕ್ಸ್ ಇರಲಿ, ಹಿರಿಯರ ಬಾಯಲ್ಲಿ ಎಲ್ಲವೂ ಜೀಪೇ. ಅಮೆರಿಕದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿ ಈ ಹೆಸರು ತನ್ನದೆಂದು ಅಧಿಕೃತವಾಗಿ ನೋಂದಾಯಿಸಿಕೊಳ್ಳಲು 1950ರ ತನಕ ಕಾಯಬೇಕಾಯಿತು. ಕನ್ನಡವೋ ಯಾರ ಅಪ್ಪಣೆಗೂ ಕಾಯದೆ ಕೊನೆಗೊಂದು ಉಕಾರ ಹಚ್ಚಿ ಅದನ್ನು ಮನೆಯ ಮಾತು ಮಾಡಿಕೊಂಡಿತು.

ಆ ಹಳೆಯ ಗಾಡಿ ಇವತ್ತು ಇಕ್ಕಟ್ಟಿನಲ್ಲಿದೆ. ಮೂವತ್ತು ನಲವತ್ತು ವರ್ಷ ದುಡಿದ ಜೀಪನ್ನು ಇಟ್ಟುಕೊಳ್ಳಬೇಕೋ, ಗುಜರಿಗೆ ಹಾಕಬೇಕೋ ಎಂಬ ಲೆಕ್ಕ ಹಲವು ಮನೆಗಳ ಅಂಗಳದಲ್ಲಿ ನಿಂತಿದೆ. ಇನ್ನೊಂದು ಕಡೆ, ಹೊಸ ಗಾಡಿಯ ಬೆಲೆ ಕೇಳಿ ಬೆಚ್ಚಿದವರು ಹಳೆಯದನ್ನೇ ಹುಡುಕಿಕೊಂಡು ಹೊರಟಿದ್ದಾರೆ. ಇಬ್ಬರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಕೆಲವು ಬಾನೆಟ್ಟಿನ ಕೆಳಗಿವೆ, ಕೆಲವು ಆರ್.ಟಿ.ಒ. ಕಚೇರಿಯ ಕಡತದಲ್ಲಿವೆ.

ಮೊದಲು ನೆಲದ ಮಾತು. ಭೋಗಾಪುರೇಶನ ಊರೆಂದು ಹೆಸರಾದ ನವಲಿಯ ಸೀಮೆಯಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಮಸಾರಿಯಲ್ಲಿ ಮಳೆ ಬಿದ್ದರೆ ನೀರು ಇಂಗುತ್ತದೆ ಇಲ್ಲವೇ ಹರಿಯುತ್ತದೆ, ಎರಡು ತಾಸಿಗೆ ದಾರಿ ತೆರೆಯುತ್ತದೆ. ಎರೆಯ ಸ್ವಭಾವ ಬೇರೆ. ಅದರ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತವೆ. ಹದ ಮೀರಿ ನೆನೆದ ಎರೆಯ ಮೇಲೆ ಚಕ್ಕಡಿಯ ಗಾಲಿ ಉರುಳಿದರೆ ಮಣ್ಣು ಗಾಲಿಗೆ ಸುತ್ತಿಕೊಂಡು ಗಾಲಿಯೇ ಎರಡರಷ್ಟಾಗುತ್ತದೆ. ಮೋಟಾರು ಗಾಡಿಯ ಟೈರಿಗೂ ಅದೇ ಗತಿ. ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿತೆಂದರೆ ಹೊಸ ಟೈರೂ ಬೋಳು ಟೈರಾಗುತ್ತದೆ.

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡೇ ಗಾಲಿಗೆ ಹೋಗುತ್ತದೆ. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ, ಹೊರಗಿನ ಗಾಲಿ ಹೆಚ್ಚು ಸುತ್ತಬೇಕಾದ್ದರಿಂದ ಆ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು ಇರುತ್ತದೆ. ರಸ್ತೆಯಲ್ಲಿ ಉಪಕಾರಿಯಾದ ಈ ಏರ್ಪಾಟು ರಾಡಿಯಲ್ಲಿ ಕೈಕೊಡುತ್ತದೆ. ಹಿಡಿತ ತಪ್ಪಿದ ಗಾಲಿ ಸುಮ್ಮನೆ ಗಿರಗಿರ ತಿರುಗುತ್ತದೆ, ಹಿಡಿತವಿರುವ ಗಾಲಿ ಕದಲದೆ ನಿಲ್ಲುತ್ತದೆ. ಹಳೆಯ ಜೀಪಿನಲ್ಲಿ ಚಾಲಕನ ಬಳಿ ಗೇರಿನ ಕೋಲಿನ ಜೊತೆಗೆ ಇನ್ನೆರಡು ಗಿಡ್ಡ ಕೋಲುಗಳಿರುವುದು ಇದಕ್ಕಾಗಿಯೇ. ಒಂದನ್ನು ಹಾಕಿದರೆ ಮುಂದಿನ ಗಾಲಿಗಳಿಗೂ ಶಕ್ತಿ ಹರಿಯುತ್ತದೆ. ಇನ್ನೊಂದನ್ನು ಎಳೆದರೆ ವೇಗ ಇಳಿದು ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಆಗ ಗಾಡಿ ಎತ್ತಿನ ನಡಿಗೆಗೆ ಇಳಿಯುತ್ತದೆ; ಎತ್ತಿನ ಪಟ್ಟೂ ಬರುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳುವುದು ಒಳ್ಳೆಯದು. ಈ ಹಳೆಯ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸೆಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದ ಕೂಡಲೇ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಿ ಗಾಲಿ ಜಾರಿ ಆ ಬಿಗಿತ ಸಡಿಲುತ್ತದೆ. ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ, ಬಿಗಿತವೆಲ್ಲ ಶಾಫ್ಟಿಗೆ, ಹಲ್ಲುಗಳಿಗೆ ಏರುತ್ತದೆ. ಹೊಲ ದಾಟಿ ರಸ್ತೆಗೆ ಬಂದ ಮೇಲೂ ಕೋಲು ತೆಗೆಯಲು ಮರೆತು ಗಂಗಾವತಿಯ ತನಕ ಓಡಿಸುವವರಿಗೆ ಗೇರ್‌ಬಾಕ್ಸಿನ ಕೆಲಸ ತಪ್ಪಿದ್ದಲ್ಲ.

ಇಂಥ ಗಾಡಿ ಹುಟ್ಟಿದ್ದು ಯುದ್ಧಕ್ಕೆ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಗಾಲಿ ಎಳೆಯುವ ವಾಹನ ಬೇಕೆಂದು ಕಂಪನಿಗಳನ್ನು ಕರೆಯಿತು. ಮೊದಲ ಮಾದರಿ ತಂದು ನಿಲ್ಲಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಗುತ್ತಿಗೆ ಹೋದದ್ದು ಮಾತ್ರ ವಿಲ್ಲೀಸ್ ಮತ್ತು ಫೋರ್ಡ್‌ಗೆ. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಭಾರತದಲ್ಲಿ ಅದರ ಕಥೆಗೆ ಈ ಸೀಮೆಯ ಚರಿತ್ರೆಯ ಒಂದು ಎಳೆ ಅಂಟಿಕೊಂಡಿದೆ. 1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರು ಮಲಿಕ್ ಗುಲಾಂ ಮೊಹಮ್ಮದ್ ಅವರೊಡನೆ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ‘ಮಹೀಂದ್ರ ಅಂಡ್ ಮೊಹಮ್ಮದ್’ ಸಂಸ್ಥೆ ಕಟ್ಟಿದರು. ಈ ಗುಲಾಂ ಮೊಹಮ್ಮದ್ ಅದಕ್ಕೂ ಮೊದಲು ಕೆಲಕಾಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು. ನವಲಿ, ಗಂಗಾವತಿ, ಕೊಪ್ಪಳಗಳೆಲ್ಲ ಆಗ ಅದೇ ಸಂಸ್ಥಾನದ ಊರುಗಳು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇತ್ತ 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದಾಯಿತು. ಮರುವರ್ಷ ಮುಂಬೈಯ ಮಜಗಾಂವ್‌ನಲ್ಲಿ ಅಮೆರಿಕದಿಂದ ಬಿಡಿಬಿಡಿಯಾಗಿ ಬಂದ ಭಾಗಗಳಿಂದ ವಿಲ್ಲೀಸ್ ಜೀಪಿನ ಜೋಡಣೆ ಶುರುವಾಯಿತು.

ಅಂದ ಹಾಗೆ, ಸ್ವತಂತ್ರ ಭಾರತದ ಮೊದಲ ಹಗರಣವೆಂದು ಹೇಳಲಾಗುವುದೂ ಜೀಪಿನದೇ. 1948ರಲ್ಲಿ ಸೇನೆಗೆ ಜೀಪು ತರಿಸಲು ಲಂಡನ್ನಿನಲ್ಲಿದ್ದ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಮಾಡಿಕೊಂಡ ಒಪ್ಪಂದ ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲಕ್ಕೆ ಕಾರಣವಾಯಿತು. ಆದರೆ ಜೀಪಿನ ಮಾನ ಉಳಿದದ್ದು ರಣರಂಗದಲ್ಲಿ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ ಫಿರಂಗಿಯಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದುರುಳಿಸಿ ಪ್ರಾಣ ಕೊಟ್ಟರು. ಅವರಿಗೆ ಪರಮವೀರ ಚಕ್ರ ಬಂತು.

ಹಳ್ಳಿಗೆ ಜೀಪು ಬಂದದ್ದು ಸರ್ಕಾರದ ಜೊತೆಗೆ. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ನಿಲ್ಲಿಸಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಹರಿದು ಗಂಗಾವತಿ, ಸಿಂಧನೂರುಗಳನ್ನು ಭತ್ತದ ಕಣಜ ಮಾಡಿತು. ಕಾಲುವೆ ದಂಡೆಯೆಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ನಡುವೆ ಮಣ್ಣಿನ ದಾರಿ. ಅಲ್ಲಿ ಓಡಾಡುವ ನೀರಾವರಿ ಎಂಜಿನಿಯರಿಗೆ ಜೀಪಿಲ್ಲದೆ ನಡೆಯುತ್ತಿರಲಿಲ್ಲ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ ಬಿ.ಡಿ.ಒ. ಎಂಬ ಅಧಿಕಾರಿಯನ್ನೂ ಅವರ ಜೀಪನ್ನೂ ಒಟ್ಟೊಟ್ಟಿಗೆ ಸೃಷ್ಟಿಸಿತು. ಮಲೇರಿಯಾದವರು, ಸಿಡುಬಿನ ಚುಚ್ಚುಮದ್ದಿನವರು, ಕುಟುಂಬ ಯೋಜನೆಯವರು, ಪೊಲೀಸರು, ಕಡೆಗೆ ಮೈಕು ಕಟ್ಟಿದ ಚುನಾವಣೆಯವರು, ಎಲ್ಲರೂ ಜೀಪಿನಲ್ಲೇ ಬಂದರು. ಹುಡುಗರು ಧೂಳಿನ ಹಿಂದೆ ಓಡಿದರು. ದೊಡ್ಡವರು ಜೀಪು ನಿಂತ ಮನೆ ಯಾರದೆಂದು ನೋಡಿಕೊಂಡು ಮುಂದಿನ ಮಾತಾಡಿದರು. ಸರ್ಕಾರವೆಂಬುದಕ್ಕೆ ಒಂದು ಸದ್ದು ಇದ್ದರೆ ಆ ಕಾಲದಲ್ಲಿ ಅದು ಜೀಪಿನ ಸದ್ದೇ.

ಆಗ ಬಂದ ಮಾದರಿ ಹೆಚ್ಚಾಗಿ ಸಿ.ಜೆ. 3ಬಿ. ಬಾನೆಟ್ಟು ಎತ್ತರ, ಮುಖ ಉದ್ದ. ಹೊಸ ಪೆಟ್ರೋಲ್ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿದ್ದದ್ದೇ ಈ ಉದ್ದ ಮುಖಕ್ಕೆ ಕಾರಣ. ಅಮೆರಿಕದಲ್ಲಿ 1953ರಿಂದ ತಯಾರಾದ ಈ ಮಾದರಿ ಅಲ್ಲಿ 1968ಕ್ಕೆ ನಿಂತುಹೋಯಿತು. ಭಾರತದಲ್ಲಿ ಅದರ ಮೊಮ್ಮಕ್ಕಳು ಮರಿಮಕ್ಕಳು ದಶಕಗಳ ಕಾಲ ಹುಟ್ಟುತ್ತಲೇ ಇದ್ದವು. ಪೆಟ್ರೋಲ್ ದುಬಾರಿಯಾದ ಎಪ್ಪತ್ತರ ದಶಕದ ನಂತರ ಡೀಸೆಲ್ ಜೀಪುಗಳು ಬಂದವು. ಮಹೀಂದ್ರ 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರು ಮಾಡತೊಡಗಿತ್ತು. ಅದೇ ವಂಶದ ಡೀಸೆಲ್ ಎಂಜಿನ್ ಜೀಪಿನೊಳಕ್ಕೂ ಇಳಿಯಿತು. ಎಂಬತ್ತರ ದಶಕದ ನಡುವೆ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂ.ಎಂ. 540 ಬಂತು. ಟ್ರ್ಯಾಕ್ಟರ್ ಬಿಚ್ಚುವ ಕೈಗೆ ಜೀಪಿನ ಎಂಜಿನ್ ಅಪರಿಚಿತವಾಗಿರಲಿಲ್ಲ ಎಂಬುದು ಸಣ್ಣ ಮಾತಲ್ಲ. ಭತ್ತದ ಸೀಮೆಯಲ್ಲಿ ಈ ಗಾಡಿ ಇಷ್ಟು ಕಾಲ ಉಳಿದದ್ದಕ್ಕೆ ಅದರ ಗಟ್ಟಿತನಕ್ಕಿಂತ ಈ ನೆಂಟಸ್ತಿಕೆಯೇ ದೊಡ್ಡ ಕಾರಣವಿರಬೇಕು.

ಇನ್ನೊಂದು ವಂಶ ಜಪಾನಿನದು. ಸುಜುಕಿ 1970ರಲ್ಲಿ ಜಿಮ್ನಿ ಎಂಬ ಪುಟ್ಟ ಫೋರ್‌ವೀಲ್ ಗಾಡಿ ತಂದಿತು. ಎಂಜಿನ್ ಬರೀ 359 ಸಿ.ಸಿ. ಅದರ ಮುಂದಿನ ಪೀಳಿಗೆಯ ಉದ್ದನೆಯ ರೂಪವೇ 1985ರ ಡಿಸೆಂಬರಿನಲ್ಲಿ ಭಾರತದಲ್ಲಿ ಮಾರುತಿ ಜಿಪ್ಸಿಯಾಗಿ ಬಂತು. 970 ಸಿ.ಸಿ. ಪೆಟ್ರೋಲ್ ಎಂಜಿನ್, ತೂಕ ಒಂದು ಟನ್ನಿನ ಆಸುಪಾಸು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ಪೊಲೀಸರು, ಸೇನೆ, ಅರಣ್ಯ ಇಲಾಖೆ ಅದನ್ನು ಒಪ್ಪಿಕೊಂಡರು. ರೈತ ಅಷ್ಟಾಗಿ ಒಪ್ಪಿಕೊಳ್ಳಲಿಲ್ಲ, ಯಾಕೆಂದರೆ ಅದು ಪೆಟ್ರೋಲ್ ಕುಡಿಯುತ್ತದೆ. ಆದರೂ ಹಗುರ ಎಂಬುದು ಕೆಸರಿನಲ್ಲಿ ಬಲು ದೊಡ್ಡ ಗುಣ. ಭಾರದ ಜೀಪು ಎಂಜಿನ್ನಿನ ಬಲದಿಂದ ದಾಟುವ ಜಾಗವನ್ನು ಜಿಪ್ಸಿ ಹೂಳದೆಯೇ ದಾಟಿಬಿಡುತ್ತದೆ. 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಜಿಪ್ಸಿ ಮಾರಾಟ ನಿಂತಿತು. ಅದರ ಜಾಗಕ್ಕೆಂದು 2023ರ ಜೂನಿನಲ್ಲಿ ಐದು ಬಾಗಿಲಿನ ಜಿಮ್ನಿ ಬಿಡುಗಡೆಯಾದಾಗ ಆರಂಭದ ಷೋರೂಂ ಬೆಲೆ 12.74 ಲಕ್ಷ ರೂಪಾಯಿ. ಮಹೀಂದ್ರದ ಹೊಸ ಥಾರ್ ಬಂದದ್ದು 2020ರಲ್ಲಿ. ಅವು ಪಟ್ಟಣದ ಹುಡುಗರ ಕನಸಿನ ಗಾಡಿಗಳಾದವು. ಕೊಡಚಾದ್ರಿಯ ದಾರಿಯಲ್ಲಿ, ಮಡಿಕೇರಿಯ ಮಾಂದಲಪಟ್ಟಿಯಲ್ಲಿ ಪ್ರವಾಸಿಗರನ್ನು ಹೊತ್ತು ಕಲ್ಲುದಾರಿ ಹತ್ತಿ ಹೆಸರಾದದ್ದು ಮಾತ್ರ ಹಳೆಯ ಮಹೀಂದ್ರ ಜೀಪುಗಳು.

ಈಗ ಕೊಳ್ಳುವವರ ವಿಷಯ. ಹಳೆಯ ಜೀಪಿನ ಬಣ್ಣ ನೋಡಿ ಮರುಳಾಗುವುದು ಮದುವೆಮನೆಯ ದೀಪ ನೋಡಿ ಸಂಬಂಧ ಒಪ್ಪಿದಂತೆ. ನೋಡಬೇಕಾದದ್ದು ಕೆಳಗೆ. ಚಾಸಿಯ ಎರಡು ಉದ್ದನೆಯ ತೊಲೆಗಳೇ ಗಾಡಿಯ ಬೆನ್ನೆಲುಬು. ಸ್ಟೇರಿಂಗ್ ಬಾಕ್ಸ್ ಕೂತಿರುವ ಕಡೆ, ಪಟ್ಟಿ ಸ್ಪ್ರಿಂಗಿನ ಕೊಂಡಿಗಳು ಕೂಡುವ ಕಡೆ ಬಿರುಕು ಬಿಡುವುದು ಹೆಚ್ಚು. ಬೆಸುಗೆಯ ಗುರುತಿದ್ದರೆ ತಕ್ಷಣ ಬಿಟ್ಟೋಡಬೇಕಾಗಿಲ್ಲ, ನಲವತ್ತು ವರ್ಷದ ಗಾಡಿಗೆ ಒಂದೆರಡು ಹೊಲಿಗೆ ಸಹಜ. ಆದರೆ ಬೆಸುಗೆಯ ಮೇಲೆ ದಪ್ಪಗೆ ಬಳಿದ ಹೊಸ ಟಾರು ಬಣ್ಣ ಕಂಡರೆ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಗಂಟೆಯಂತೆ ಸದ್ದು ಕೊಡುತ್ತದೆ, ತುಕ್ಕು ತಿಂದದ್ದು ಒಣ ಹಲಗೆಯಂತೆ.

ಎಂಜಿನ್ನನ್ನು ಬೆಳಗಿನ ಚಳಿಯಲ್ಲಿ, ಮಾಲೀಕ ಮೊದಲೇ ಓಡಿಸಿ ಬಿಸಿ ಮಾಡಿರದ ಹೊತ್ತಿನಲ್ಲಿ ಚಾಲೂ ಮಾಡಿಸಬೇಕು. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಅಂದರೆ ರಿಂಗು ಇಲ್ಲವೇ ಬೋರು ಸವೆದಿದೆ. ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ, ಪಂಪು ನಾಝಲ್ ತೋರಿಸಿದರೆ ಸರಿಹೋಗಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಹೋಗುತ್ತಿರುವ ಅನುಮಾನ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ನೋಡಿದರೆ ಅಲ್ಲಿಂದ ಬುಸ್ಸೆಂದು ಗಾಳಿ ನುಗ್ಗುವ ಎಂಜಿನ್ ಇನ್ನು ಹೆಚ್ಚು ದಿನ ಎಳೆಯುವುದಿಲ್ಲ.

ಇಷ್ಟನ್ನು ಯಾವ ಮೆಕ್ಯಾನಿಕ್ ಆದರೂ ಹೇಳುತ್ತಾನೆ. ಫೋರ್‌ವೀಲ್ ಗಾಡಿಗೆ ಮಾತ್ರ ಸೇರಿದ ಮೋಸಗಳು ಬೇರೆ ಇವೆ. ಬಹಳ ಜೀಪುಗಳು ಕಂಪನಿಯಿಂದಲೇ ಎರಡು ಗಾಲಿಯ ಎಳೆತದೊಡನೆ ಬಂದವು. ಇನ್ನು ಕೆಲವದರಲ್ಲಿ ಭಾರ ಕಡಿಮೆ ಮಾಡಿ ಡೀಸೆಲ್ ಉಳಿಸಲೆಂದು ಮುಂದಿನ ಶಾಫ್ಟನ್ನು ಬಿಚ್ಚಿ ಮೂಲೆಗೆಸೆದಿರುತ್ತಾರೆ, ಇಲ್ಲವೇ ಮುಂದಿನ ಆಕ್ಸೆಲ್‌ನ ಒಳಗಿನ ಸರಕನ್ನೇ ಮಾರಿಕೊಂಡಿರುತ್ತಾರೆ. ಒಳಗೆ ಕೋಲು ಇರುತ್ತದೆ, ಕೋಲಿನ ಮೇಲೆ ಅಕ್ಷರವೂ ಇರುತ್ತದೆ, ಎಳೆಯುವುದಕ್ಕೆ ಕೆಳಗೆ ಏನೂ ಇರುವುದಿಲ್ಲ. ಪರೀಕ್ಷೆ ಸುಲಭ. ಉತ್ತ ಹೊಲಕ್ಕೋ ಮರಳಿನ ಹಳ್ಳಕ್ಕೋ ಗಾಡಿ ಇಳಿಸಿ, ಲೋ ಹಾಕಿ ನಿಧಾನ ನಡೆಸುವಾಗ ಒಬ್ಬರು ಸುರಕ್ಷಿತ ದೂರದಲ್ಲಿ ನಿಂತು ಮುಂದಿನ ಗಾಲಿ ತಾನಾಗಿ ಎಳೆಯುತ್ತಿದೆಯೋ ತಳ್ಳಿಸಿಕೊಳ್ಳುತ್ತಿದೆಯೋ ನೋಡಬೇಕು. ಎಳೆಯುವ ಗಾಲಿ ಮಣ್ಣನ್ನು ಹಿಂದಕ್ಕೆ ಒದೆಯುತ್ತದೆ. ತಳ್ಳಿಸಿಕೊಳ್ಳುವ ಗಾಲಿ ಮಣ್ಣನ್ನು ಮುಂದೆ ಗುಡ್ಡೆ ಹಾಕುತ್ತದೆ. ಕೆಲವು ಮಾದರಿಗಳಲ್ಲಿ ಮುಂದಿನ ಗಾಲಿಯ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಇರುತ್ತದೆ. ಅದನ್ನು ಬಿಗಿಯದೆ ಒಳಗಿನ ಕೋಲು ಎಷ್ಟು ಎಳೆದರೂ ಮುಂದಿನ ಗಾಲಿ ಅಲುಗದು. ಗೊತ್ತಿಲ್ಲದವರು ಇದನ್ನೇ ಕೆಟ್ಟ ಗಾಡಿ ಎಂದು ತಿಳಿದು ಬಿಟ್ಟುಬಂದದ್ದುಂಟು.

ಇದಕ್ಕಿಂತ ಸೂಕ್ಷ್ಮವಾದದ್ದು ಆಕ್ಸೆಲ್‌ಗಳ ಅನುಪಾತ. ಹಳೆಯ ಸಿ.ಜೆ. 3ಬಿಯಲ್ಲಿ ಶಾಫ್ಟು 5.38 ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು ಬರುತ್ತದೆ. ಮುಂದಿನ ಮಾದರಿಗಳಲ್ಲಿ ಈ ಲೆಕ್ಕ ಬದಲಾಗಿದೆ. ಗುಜರಿಯಿಂದ ತಂದ ಹಿಂದಿನ ಆಕ್ಸೆಲ್ ಒಂದು ಲೆಕ್ಕದ್ದು, ಮುಂದಿನದು ಇನ್ನೊಂದು ಲೆಕ್ಕದ್ದು ಆಗಿದ್ದರೆ, ಫೋರ್‌ವೀಲ್ ಹಾಕಿದ ಕ್ಷಣದಿಂದ ಎರಡೂ ಒಂದರೊಡನೊಂದು ಜಗಳಕ್ಕೆ ನಿಲ್ಲುತ್ತವೆ. ರಸ್ತೆಯ ಮೇಲೆ ಟೂವೀಲ್‌ನಲ್ಲಿ ಓಡಿಸಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಜಾಕು ಹಚ್ಚಿ ಗಾಲಿ ಎತ್ತಿ, ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು, ಗಾಲಿ ಸುತ್ತಿಸಿ ಮುಂದೆಯೂ ಹಿಂದೆಯೂ ಒಂದೇ ರೀತಿಯಲ್ಲಿ ಎಣಿಸಿ ಹೋಲಿಸುವುದೊಂದೇ ದಾರಿ. ಅರ್ಧ ತಾಸಿನ ಕೆಲಸ, ಐವತ್ತು ಸಾವಿರ ರೂಪಾಯಿಯ ಗಾಡಿಗಾದರೂ ಮಾಡಲೇಬೇಕಾದದ್ದು. ನಾಲ್ಕು ಟೈರೂ ಒಂದೇ ಅಳತೆಯವಿರಬೇಕು ಎನ್ನುವುದರ ಹಿಂದಿರುವುದೂ ಇದೇ ಲೆಕ್ಕ.

ಇಟ್ಟುಕೊಂಡವರ ಪಾಡು ಹೇಗಿದೆ? ಹಳೆಯ ಜೀಪಿನ ದೊಡ್ಡ ಗುಣ ಅದರ ಬಡತನ. ಅದರಲ್ಲಿ ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಸ್ಪ್ರಿಂಗು ಎಂದರೆ ಒಂದರ ಮೇಲೊಂದು ಇಟ್ಟ ಉಕ್ಕಿನ ಪಟ್ಟಿಗಳು. ಒಂದು ಪಟ್ಟಿ ಮುರಿದರೆ ಆ ಒಂದನ್ನೇ ಬದಲಿಸಬಹುದು. ಬುಷ್ಷು, ಪಿನ್ನುಗಳನ್ನು ಲೇತಿನಲ್ಲಿ ಕಡೆಸಿಕೊಳ್ಳಬಹುದು. ಬಾಡಿ ತಗಡು ತೂತಾದರೆ ತೇಪೆ ಹಾಕಬಹುದು. ಬಾಗಿಲೇ ಇಲ್ಲದ ಗಾಡಿಗೆ ಬಾಗಿಲಿನ ರಿಪೇರಿಯೂ ಇಲ್ಲ. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಸಾಲು ಎಂಬ ಹಳೆಯ ವಿಳಾಸಗಳಿವೆ. ಜೀಪುಗಳನ್ನು ಹೊಸದಾಗಿ ಕಟ್ಟಿಕೊಡುವುದಕ್ಕೇ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಯಂಥ ಪೇಟೆಗಳೂ ಇವೆ.

ಸಿಗದೆ ಹೋಗುತ್ತಿರುವುದು ಭಾಗವಲ್ಲ, ಕೈ. ಮುಂದಿನ ಗಾಲಿಯ ಗೆಣ್ಣಿನಲ್ಲಿ ಕಿಂಗ್‌ಪಿನ್ ಬೇರಿಂಗು ಎಷ್ಟು ಬಿಗಿಯಬೇಕೆಂಬುದು ಕೈಯಳತೆಯ ವಿದ್ಯೆ. ತೆಳ್ಳನೆಯ ತಗಡಿನ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ಹಾಕಿ ಅದನ್ನು ಕೂರಿಸಬೇಕು. ಸಡಿಲವಾದರೆ ಒಂದು ವೇಗಕ್ಕೆ ಬಂದ ಕೂಡಲೇ ಸ್ಟೇರಿಂಗು ಗಡಗಡ ನಡುಗಲು ಶುರು, ಕೈಯಲ್ಲಿ ಹಿಡಿಯುವುದೇ ಕಷ್ಟ. ಬಿಗಿಯಾದರೆ ತಿರುವಿದ ಗಾಲಿ ತಾನಾಗಿ ನೇರಕ್ಕೆ ಮರಳುವುದಿಲ್ಲ. ಈ ಕೆಲಸವನ್ನು ಕಣ್ಣು ಮುಚ್ಚಿ ಮಾಡುತ್ತಿದ್ದ ಮಿಸ್ತ್ರಿಗಳಿಗೆ ವಯಸ್ಸಾಯಿತು. ಅವರ ಮಕ್ಕಳು ಬೈಕಿನ ಷೋರೂಮಿಗೆ, ಟ್ರ್ಯಾಕ್ಟರ್ ಡೀಲರ್‌ಗಳಲ್ಲಿಗೆ ಹೋದರು. ಅವರನ್ನು ದೂರುವಂತಿಲ್ಲ. ತಿಂಗಳಿಗೊಂದು ಜೀಪು ಬರುವ ಗ್ಯಾರೇಜಿನಲ್ಲಿ ಸಂಸಾರ ನಡೆಯುವುದಿಲ್ಲ.

ಇಷ್ಟು ಕಬ್ಬಿಣದ ಮಾತಾಯಿತು. ಕಾಗದದ ಮಾತು ಇದಕ್ಕಿಂತ ಕಠಿಣ, ಮತ್ತು ಮನೆ ಮುಳುಗುವುದು ಅಲ್ಲೇ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿಸಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದು 10,000 ಆಯಿತು. ತಡಮಾಡಿದ ಪ್ರತಿ ತಿಂಗಳಿಗೂ ದಂಡ ಬೇರೆ. ಹಳೆಯ ಗಾಡಿಯನ್ನು ರಸ್ತೆಯಿಂದ ಇಳಿಸುವುದೇ ಇದರ ಉದ್ದೇಶ ಎಂಬುದನ್ನು ಸರ್ಕಾರ ಮುಚ್ಚಿಟ್ಟಿಲ್ಲ. ಹೊಗೆಯ ವಿಷಯದಲ್ಲಿ ಸರ್ಕಾರದ ಮಾತಿಗೆ ಎದುರಾಡುವಂತೆಯೂ ಇಲ್ಲ; ಹಳೆಯ ಡೀಸೆಲ್ ಎಂಜಿನ್ನಿನ ಹಿಂದೆ ಬೈಕಿನಲ್ಲಿ ಹೋದವರಿಗೆ ಅದು ಗೊತ್ತು. ದೆಹಲಿ ಸೀಮೆಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಅಲ್ಲಿಂದ ಅಗ್ಗಕ್ಕೆ ಗಾಡಿ ತರಿಸುವ ಆಸೆ ಹುಟ್ಟಿದ್ದು ಆಗಲೇ. ಆದರೆ ಹೊರರಾಜ್ಯದ ಗಾಡಿಗೆ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದಲ್ಲಿ ತೆರಿಗೆ ಕಟ್ಟಬೇಕು, ಮರುನೋಂದಣಿ ಆಗಬೇಕು. ಇವನ್ನು ಕೂಡಿಸಿದ ಮೇಲೆ ಅಗ್ಗ ಎಷ್ಟು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕುವುದು ಜಾಣತನ.

ಹಳ್ಳಿಗಳಲ್ಲಿ ಹೆಚ್ಚಿನ ಜೀಪುಗಳು ಕೈ ಬದಲಾಗುವುದು ಛಾಪಾ ಕಾಗದದ ಮೇಲೆ. ದುಡ್ಡು ಎಣಿಸಿ, ಇಬ್ಬರು ಸಾಕ್ಷಿ ಹಾಕಿಸಿ, ಕೀಲಿ ಕೊಟ್ಟರೆ ವ್ಯಾಪಾರ ಮುಗಿಯಿತು. ಆರ್.ಸಿ. ಮಾತ್ರ ಹಳೆಯ ಯಜಮಾನನ ಹೆಸರಿನಲ್ಲೇ, ಒಮ್ಮೊಮ್ಮೆ ತೀರಿಕೊಂಡವರ ಹೆಸರಿನಲ್ಲೇ ಉಳಿಯುತ್ತದೆ. ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಇದನ್ನು ಮಾಡದಿದ್ದರೆ ಏನಾಗುತ್ತದೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರವೂ ಅವರದೇ ಹೊಣೆ. ಗಾಡಿ ಐದು ಕೈ ದಾಟಿದ್ದರೂ ಅಷ್ಟೇ.

ಭತ್ತದ ನಾಟಿಯ ಕಾಲದಲ್ಲಿ ಈ ಮಾತಿನ ಭಾರ ಗೊತ್ತಾಗುತ್ತದೆ. ಬೆಳಿಗ್ಗೆ ಕೂಲಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೊಲಕ್ಕೆ ಹೋಗುವ ಗಾಡಿಗಳನ್ನು ಈ ಸೀಮೆಯಲ್ಲಿ ಯಾರೂ ಕಾಣದಿಲ್ಲ. ಜೀಪಿರಲಿ, ಕ್ರೂಸರಿರಲಿ, ಟಂಟಂ ಇರಲಿ, ಹಿಡಿಯುವುದಕ್ಕಿಂತ ಹೆಚ್ಚು ಜನ. ಖಾಸಗಿ ವಿಮೆಯ ಗಾಡಿಯಲ್ಲಿ ಬಾಡಿಗೆಗೆ ಜನ ಹಾಕಿಕೊಂಡಿದ್ದರೆ, ಅಥವಾ ನೋಂದಣಿಯೇ ಮುಗಿದುಹೋಗಿದ್ದರೆ, ವಿಮಾ ಕಂಪನಿ ಹಣ ಕೊಡುವ ಹೊಣೆಯನ್ನು ಒಪ್ಪುವುದಿಲ್ಲ, ಮಾತು ನ್ಯಾಯಾಲಯಕ್ಕೆ ಹೋಗುತ್ತದೆ. ಕಾಲುವೆಗೆ ಉರುಳಿದ ಗಾಡಿಯಲ್ಲಿದ್ದವರ ಮನೆಯವರು ವರ್ಷಗಟ್ಟಲೆ ಅಲೆಯುತ್ತಾರೆ. ಇತ್ತ ಎಂದೋ ಗಾಡಿ ಮಾರಿ ಮರೆತಿದ್ದ ರೈತನ ಹೊಲದ ಪಹಣಿಯ ಮೇಲೆ ಕಣ್ಣು ಬೀಳುತ್ತದೆ. ಜೀಪಿನ ಬೆಲೆ ಎಪ್ಪತ್ತು ಸಾವಿರವಿರಬಹುದು, ಆರ್.ಸಿ. ವರ್ಗಾಯಿಸದೆ ಬಿಟ್ಟದ್ದರ ಬೆಲೆ ಎರಡು ಎಕರೆ ಆಗಬಲ್ಲದು.

ಎಂಜಿನ್ ಬದಲಾವಣೆಯದು ಇನ್ನೊಂದು ತೊಡಕು. ಹಳೆಯ ಪೆಟ್ರೋಲ್ ಜೀಪುಗಳಿಗೆ ಸಿಕ್ಕ ಡೀಸೆಲ್ ಎಂಜಿನ್ ಕೂರಿಸಿದವರು ಲೆಕ್ಕವಿಲ್ಲ. ಆ ಕಾಲದಲ್ಲಿ ಕಚೇರಿಯಲ್ಲಿ ಬರೆಸಿಕೊಂಡವರ ಕಾಗದ ನಡೆಯುತ್ತದೆ, ಬರೆಸದವರದು ತಪಾಸಣೆಯ ದಿನ ಸಿಕ್ಕಿಬೀಳುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ವಿಷಯದಲ್ಲಿ ಅಧಿಕಾರಿಗಳ ಕೈ ಬಿಗಿಯಾಗಿದೆ. ಕೊಳ್ಳುವವರು ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನೂ ಎಂಜಿನ್ನಿನ ಮೇಲಿನ ಸಂಖ್ಯೆಯನ್ನೂ ತಾವೇ ಉಜ್ಜಿ ಓದಿ ಆರ್.ಸಿ.ಯೊಡನೆ ತಾಳೆ ನೋಡಬೇಕು. ಒಂದು ಅಂಕಿ ತಪ್ಪಿದ್ದರೂ ಮುಂಗಡ ಕೊಡಬಾರದು.

ಹಳೆಯ ಜೀಪುಗಳ ಒಂದು ದೊಡ್ಡ ಮೂಲ ಇಲಾಖೆಗಳ ಹರಾಜು. ನೀರಾವರಿಯ, ಲೋಕೋಪಯೋಗಿಯ, ಪೊಲೀಸಿನ, ಸೇನೆಯ ಗಾಡಿಗಳು ಹರಾಜಾಗಿ ರೈತರ ಮನೆ ಸೇರುತ್ತಿದ್ದವು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕೆಂಬ ನಿಯಮ ಬಂತು. ದೇಶದ ರಕ್ಷಣೆಗೆ, ಕಾನೂನು ಸುವ್ಯವಸ್ಥೆಗೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಕಾಲುವೆ ದಂಡೆಯ ಸರ್ಕಾರಿ ಜೀಪು ರೈತನ ಅಂಗಳಕ್ಕೆ ಬರುವ ಹಾದಿ ಹೀಗೆ ಮುಚ್ಚಿತು.

ಇತ್ತ ನವಲಿಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಬೇರೆ ಕಾರಣಕ್ಕೆ. ಕಟ್ಟುವಾಗ ಸುಮಾರು 133 ಟಿ.ಎಂ.ಸಿ. ಅಡಿ ಹಿಡಿಯುತ್ತಿದ್ದ ತುಂಗಭದ್ರೆಯ ಜಲಾಶಯದಲ್ಲಿ ಹೂಳು ತುಂಬಿ ಈಗಿನ ಲೆಕ್ಕದಲ್ಲಿ ಸುಮಾರು 105 ಉಳಿದಿದೆ. ಕಳೆದುಹೋದ ನೀರಿಗೆ ಬದಲಾಗಿ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಅಳೆಯಲು ಬರುವವರು ಈಗ ಏರ್‌ಕಂಡೀಷನ್ ಗಾಡಿಯಲ್ಲಿ ಬರುತ್ತಾರೆ, ಹೊಲದ ಬದುವಿನ ತನಕ ಬಂದು ಇಳಿದು ನಡೆಯುತ್ತಾರೆ.

ಹಾಗಾದರೆ ಇದ್ದ ಜೀಪನ್ನು ಏನು ಮಾಡಬೇಕು? ಕಾಗದ ಸರಿಯಿದ್ದು, ಚಾಸಿ ಗಟ್ಟಿಯಿದ್ದು, ಕೈಗೆ ಸಿಗುವ ದೂರದಲ್ಲಿ ಒಬ್ಬ ಮಿಸ್ತ್ರಿ ಇದ್ದರೆ 10,000 ಕಟ್ಟಿ ಐದು ವರ್ಷ ಓಡಿಸುವುದರಲ್ಲಿ ನಷ್ಟವಿಲ್ಲ. ಆ ದುಡ್ಡಿಗೆ ಹೊಸ ಗಾಡಿಯ ಒಂದು ತಿಂಗಳ ಕಂತೂ ತೀರುವುದು ಅನುಮಾನ. ಈ ಮೂರರಲ್ಲಿ ಕಾಗದವೊಂದು ಇಲ್ಲದಿದ್ದರೂ ಜನರನ್ನು ಹತ್ತಿಸಿಕೊಂಡು ರಸ್ತೆಗೆ ಇಳಿಸಬಾರದು. ಗುಜರಿಗೆ ಮಾರುವುದಾದರೆ ನೋಂದಣಿ ರದ್ದು ಮಾಡಿಸಬೇಕು, ಇಲ್ಲವಾದರೆ ಗುಜರಿಗೆ ಹೋದ ಗಾಡಿಯ ನಂಬರು ಎಲ್ಲೋ ಇನ್ನೊಂದು ಗಾಡಿಯ ಮೇಲೆ ಓಡಾಡುವ ಅಪಾಯವಿದೆ.

ಉಳಿಸಿಕೊಳ್ಳುವವರಿಗೆ ಹಳೆಯ ಮಿಸ್ತ್ರಿಗಳು ಹೇಳುವ ಪಥ್ಯ ಸರಳ. ನೀರಿಗೆ ಇಳಿದು ಬಂದ ಮೇಲೆ ಆಕ್ಸೆಲ್‌ನ ಆಯಿಲ್ ನೋಡಬೇಕು. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಅಂದೇ ಬದಲಿಸಬೇಕು. ಗ್ರೀಸು ಹಾಕುವಾಗ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವ ತನಕ ಒತ್ತಬೇಕು. ಮತ್ತೆ, ಫೋರ್‌ವೀಲಿನ ಕೋಲನ್ನು ತಿಂಗಳಿಗೊಮ್ಮೆಯಾದರೂ ಮಣ್ಣು ದಾರಿಯಲ್ಲಿ ಹಾಕಿ ತೆಗೆಯಬೇಕು. ವರ್ಷವಿಡೀ ಮುಟ್ಟದೆ ಬಿಟ್ಟು, ಹಸ್ತ ಚಿತ್ತಿಯ ಮಳೆಯಲ್ಲಿ ಎರೆಹೊಲದ ನಡುವೆ ಸಿಕ್ಕಿಕೊಂಡಾಗ ಜಗ್ಗಿದರೆ ಅದು ಬರುವುದಿಲ್ಲ.